ವಿಲೆಮನ ಬಲಗಡೆಯ ಸೀಟು

ವಿಲೆಮ್ ಸ್ಮೊಲಿಕ್‌ಗೆ ಹೊಟ್ಟೆಕಿಚ್ಚಿನ ಕಾಯಿಲೆ ಇದೆಯೆಂದು ನಮ್ಮ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತು. ನಾನು ದನದ ಡಾಕ್ಟರು. ಮನುಷ್ಯರ ಕಾಯಿಲೆಗೆ ಮದ್ದು ಕೊಡುವ ಅಧಿಕಾರ ನನಗಿಲ್ಲ. ಸಾಲದ್ದಕ್ಕೆ ಅದೇ ಕಾಯಿಲೆ ನನಗೂ ಒಂದಿಷ್ಟು ಇರುವುದರಿಂದ, ನನಗಿಂತ ಜಾಸ್ತಿ ಇರುವವನ ಪಕ್ಕ ಕೂತು ಸಮಾಧಾನ ಮಾಡಿಕೊಳ್ಳುತ್ತೇನೆ.

ಮೂವತ್ತು ವರ್ಷದಿಂದ ಅವನು ನಮ್ಮೂರಿಗೂ ಬ್ರನೋ ನಗರಕ್ಕೂ ನಡುವೆ ಬಸ್ಸು ಓಡಿಸುತ್ತಿದ್ದಾನೆ. ಚೆಕ್ ದೇಶದ ದಕ್ಷಿಣ ಮೊರಾವಿಯಾದ ಈ ದ್ರಾಕ್ಷಿತೋಟಗಳ ನಡುವಿನ ರಸ್ತೆಯಲ್ಲಿ ಯಾರ ಅಂಗಳದ ಏಪ್ರಿಕಾಟ್ ಮರ ಅವನ ಮರಕ್ಕಿಂತ ಒಂದು ದಿನ ಮೊದಲು ಹೂ ಬಿಟ್ಟರೂ ಆ ದಿನ ಬಸ್ಸು ಸ್ವಲ್ಪ ಜೋರಾಗಿಯೇ ಬ್ರೇಕ್ ಹಾಕುತ್ತದೆ. ಹೆಂಡತಿ ಲಿಬುಶೆಯ ವಿಷಯಕ್ಕೆ ಬಂದರಂತೂ ಕೇಳುವುದೇ ಬೇಡ. ಅವಳು ಹುಡುಗಿಯಾಗಿದ್ದಾಗ ನೃತ್ಯ ಶಾಲೆಯಲ್ಲಿ ಅವಳ ಜೊತೆ ಕುಣಿದವನೊಬ್ಬ ತೀರಿಕೊಂಡು ಎಷ್ಟೋ ಕಾಲವಾಯಿತು. ನವೆಂಬರಿನಲ್ಲಿ ಸತ್ತವರ ದಿನ ಎಲ್ಲರೂ ಸಮಾಧಿಗೆ ಹೋಗಿ ದೀಪ ಹಚ್ಚುವಾಗ ಲಿಬುಶೆ ಅವನಿಗೂ ಒಂದು ಹಚ್ಚುತ್ತಾಳೆ. ಆ ಮೇಣದಬತ್ತಿ ತನ್ನ ತಾಯಿಯ ಸಮಾಧಿಯ ಮೇಲಿನದಕ್ಕಿಂತ ದಪ್ಪ ಇದೆಯೇ ಎಂದು ವಿಲೆಮ್ ಬಗ್ಗಿ ಅಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ತವನನ್ನೇ ಬಿಡದವನು ಬದುಕಿರುವ ರಾದಿಮನನ್ನು ಬಿಟ್ಟಾನೆಯೇ?

ರಾದಿಮ್ ಎಂದರೆ ಪ್ಲಾಸ್ಟಿಕ್ ಕಿಟಕಿ ಮಾಡಿ ಮಾರುವವನು. ನಮ್ಮೂರಿನ ಹಳೆಯ ಮನೆಗಳ ಮರದ ಕಿಟಕಿಯನ್ನೆಲ್ಲ ಕಿತ್ತು ಬಿಳಿ ಪ್ಲಾಸ್ಟಿಕ್ ತುಂಬಿದವನು ಅವನೇ. ಆ ದುಡ್ಡಿನಲ್ಲಿ ಕಾರ್ಖಾನೆಯಿಂದಲೇ ಥಳಥಳಿಸುವ ಎರಡು ಸೀಟಿನ ವಿಮಾನ ತಂದ. ನನಗಿರುವುದು ಕ್ಲಬ್ಬಿನ ಹಳೇ ವಿಮಾನದಲ್ಲಿ ಸರದಿ ಮಾತ್ರ. ಅಂದಮೇಲೆ ರಾದಿಮನ ವಿಮಾನವನ್ನು ಕಂಡರೆ ನನಗೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ವಿಲೆಮ್ ವಿಮಾನ ಕೊಳ್ಳಲಿಲ್ಲ, ಕಟ್ಟಿದ. ಹನ್ನೊಂದು ವರ್ಷ ಗರಾಜಿನಲ್ಲಿ ಕೂತು, ನಕ್ಷೆ ಹಿಡಿದುಕೊಂಡು, ಒಂದೊಂದು ತಗಡನ್ನೂ ಸ್ವಂತ ಕೈಯಲ್ಲಿ ಬಗ್ಗಿಸಿ ಕಟ್ಟಿದ. ಕೊನೆಗೆ ಅದು ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದು ಹೊರಗೆ ತಂದೆವು. ಅದೊಂದಕ್ಕೆ ಮಾತ್ರ ಬೇರೆಯವರ ಕೈ ಬಳಸಿಕೊಂಡ. ಉಳಿದಂತೆ ಯಾರಿಗೂ ಒಂದು ಸ್ಕ್ರೂ ತಿರುಗಿಸಲು ಬಿಡಲಿಲ್ಲ. ನಾನೊಮ್ಮೆ ಸಹಾಯ ಮಾಡೋಣವೆಂದು ಸ್ಪ್ಯಾನರ್ ಎತ್ತಿಕೊಂಡಿದ್ದೆ. ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಒರೆಸಿ, ಮತ್ತೆ ಗೋಡೆಗೆ ನೇತುಹಾಕಿದ. ಲಿಬುಶೆಗೆ ಚೌಕದ ಹತ್ತಿರ ಹೊಲಿಗೆ ಅಂಗಡಿ ಇದೆ. ಪ್ಯಾಂಟು ಮೋಟು ಮಾಡುವುದರಿಂದ ಹಿಡಿದು ಸೋಫಾ ಹೊಲಿಯುವವರೆಗೆ ಎಲ್ಲ ಮಾಡುತ್ತಾಳೆ. ಅವಳು ಬಂದು, "ಒಳಗಿನ ಬಟ್ಟೆ ಕೆಲಸ ನಾನು ಮಾಡಿಕೊಡ್ಲಾ?" ಎಂದದ್ದಕ್ಕೆ ಅವನು ಹೇಳಿದ್ದು ಊರೆಲ್ಲ ಗಾದೆಯಾಗಿದೆ: "ಗರಾಜಿಗೆ ಕಾಫಿ ತಗೊಂಡ್ ಬಾ, ಸೂಜಿ ತರಬೇಡ."

ಹಾಗಾಗಿ ವಿಮಾನ ಆಕಾಶಕ್ಕೇರಿದಾಗ ಅದರಲ್ಲಿ ಎಲ್ಲವೂ ಇತ್ತು, ಕೂರಲು ಮಾತ್ರ ಸರಿಯಾಗಿರಲಿಲ್ಲ. ಎರಡು ಪ್ಲೈವುಡ್ ಹಲಗೆ, ಅವುಗಳ ಮೇಲೆ ಕಾಡಿಗೆ ಅಣಬೆ ಹುಡುಕಲು ಹೋಗುವಾಗ ಒಯ್ಯುವ ಹಳೇ ಕಂಬಳಿ ಮಡಿಸಿ ಹಾಕಿದ್ದ. ಮೊದಲ ದಿನ ಲಿಬುಶೆ ಅವನ ಪಕ್ಕ ಬಲಗಡೆ ಕೂತು ಒಂದು ಸುತ್ತು ಹೋಗಿ ಬಂದಳು. ಇಳಿದವಳು ಬಾತುಕೋಳಿಯಂತೆ ನಡೆಯುತ್ತ ಕ್ಲಬ್ಬಿನ ಬಾರಿಗೆ ಬಂದು ನಿಂತೇ ಬಿಯರ್ ಕುಡಿದಳು. ಮುಂದಿನ ಭಾನುವಾರ ರಾದಿಮನ ವಿಮಾನದಲ್ಲಿ ಗಡಿಯಾಚೆ ಸ್ಲೊವಾಕಿಯಾಕ್ಕೆ ಹೋಗಿ ಬೆಳ್ಳುಳ್ಳಿ ಸಾರು ಕುಡಿದು ಬಂದಳು. ಇಳಿಯುವಾಗ ಬಿಸಿನೀರಿನ ಸ್ನಾನ ಮುಗಿಸಿ ಬಂದವಳ ಹಾಗಿದ್ದಳು.

"ಅವರ ಸೀಟು ಮೋಡ ಇದ್ದ ಹಾಗಿದೆ, ವಿಲಾ," ಎಂದಳು.

ಆ ಒಂದು ಮಾತು ಸಾಕಾಯಿತು. ರಾದಿಮ್ ಬೇರೆ ಬಾರಿನ ಕಟ್ಟೆಗೆ ಒರಗಿಕೊಂಡು ಬೆಂಕಿಗೆ ತುಪ್ಪ ಸುರಿದ: "ಅಮೆರಿಕದಿಂದ ತರಿಸಿದ ಫೋಮು ಅದು. ಲಿಬುಶೆ ಅವರೇ, ಜೂನಲ್ಲಿ ಎಲ್ರೂ ಸಮುದ್ರಕ್ಕೆ ಹಾರ್ತೀವಲ್ಲ, ನನ್ನ ಪಕ್ಕ ಖಾಲಿ ಇದೆ. ನಮ್ಮವಳಿಗೆ ಮೇಲೆ ಹೋದ್ರೆ ವಾಂತಿ, ಕಾರಲ್ಲೇ ಬರ್ತಾಳೆ."

"ಅವಳಿಗೆ ಸೀಟಿದೆ," ಎಂದ ವಿಲೆಮ್.

"ಸೀಟೆಲ್ಲಿ? ಹಲಗೆ ಇದೆ," ಎಂದಳು ಲಿಬುಶೆ. "ಆಲ್ಪ್ಸ್ ದಾಟಿ ಹೋಗೋ ದಾರಿ ಅದು. ನನ್ನ ಸೊಂಟ ಯಾರ ಜೊತೆ ಹೋಗು ಅನ್ನುತ್ತೋ ಅವರ ಜೊತೆ ಹೋಗ್ತೀನಿ."

ನಮ್ಮ ಕ್ಲಬ್ಬಿಗೆ ಜೂನಿನ ಈ ಸಮುದ್ರಯಾತ್ರೆ ಎಂದರೆ ಮದುವೆ ದಿಬ್ಬಣದ ಹಾಗೆ. ಕ್ರೊಯೇಶಿಯಾದ ದ್ವೀಪದಲ್ಲಿ ಇಳಿದು, ರೆಕ್ಕೆಯ ನೆರಳಲ್ಲಿ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡು, ಅದನ್ನು ವರ್ಷವಿಡೀ ಬಾರಿನ ಗೋಡೆಗೆ ಹಾಕುತ್ತೇವೆ. ಆ ಫೋಟೋದಲ್ಲಿ ತನ್ನ ಹೆಂಡತಿ ಕಿಟಕಿ ಮಾರುವವನ ವಿಮಾನದ ಪಕ್ಕ ನಿಂತಿರುವುದನ್ನು ವಿಲೆಮ್ ಆಗಲೇ ಮನಸ್ಸಿನಲ್ಲಿ ಮೊಳೆ ಹೊಡೆದು ನೇತುಹಾಕಿ ನೋಡಿಬಿಟ್ಟಿದ್ದ.

ಮರುದಿನದಿಂದ ಫೋಮಿನ ಬೇಟೆ ಶುರುವಾಯಿತು. ಅಮೆರಿಕದ್ದನ್ನು ತರಿಸೋಣವೆಂದರೆ ಬಸ್ ಡ್ರೈವರನ ಸಂಬಳಕ್ಕೆ ಅದು ನಿಲುಕುವಂಥದ್ದಲ್ಲ. ಸೋಫಾ ಅಂಗಡಿಯಿಂದ ಹಳದಿ ಸ್ಪಂಜು ತಂದ. ಅಂಗೈ ಇಟ್ಟರೆ ಬೆಣ್ಣೆ. ನನ್ನನ್ನು ಮನೆಗೆ ಕರೆಸಿದ.

"ಡಾಕ್ಟ್ರೇ, ಇದರ ಮೇಲೆ ಕೂತ್ಕೊಳಿ. ನೀವು ತಡಕೊಂಡ್ರೆ ಯಾರು ಬೇಕಾದ್ರೂ ತಡಕೋಬಹುದು."

"ಅಂದ್ರೆ?"

"ಅಂದ್ರೆ ನಿಮ್ಮ ತೂಕ ನಮ್ಮ ಕ್ಲಬ್ಬಲ್ಲಿ ಯಾರಿಗಿದೆ? ಮರಳು ಮೂಟೆ ತರೋದು ತಪ್ಪಿತು."

ಕೂತೆ. ಒಂದು ಲೋಟ ವೈನ್ ಮುಗಿಯುವಷ್ಟರಲ್ಲಿ ನನ್ನ ಕೆಳಗಿನ ಬೆಣ್ಣೆ ಕರಗಿ ಗಟ್ಟಿ ನೆಲ ಸಿಕ್ಕಿತು. ವಿಲೆಮ್ ಒಪ್ಪಲಿಲ್ಲ; ಅದು ಫೋಮಿನ ದೋಷವಲ್ಲ, ನನ್ನ ದೋಷವೆಂದ. ಅದನ್ನೇ ಎತ್ತಿಕೊಂಡು ಕ್ಲಬ್ಬಿಗೆ ಬಂದ. ಅಲ್ಲಿ ಹೆಡ್ವಿಕಾ ಮೇಡಂ ಕೂತಿದ್ದರು. ನಮಗೆಲ್ಲ ಹಾರುವುದನ್ನು ಕಲಿಸಿದ ಮುದುಕಿ. ಈಗಲೂ ಯಾವ ವಿಮಾನ ಹಾರಬಹುದು, ಯಾವುದು ಕೂಡದು ಎಂದು ತಪಾಸಣೆ ಮಾಡಿ ಹೇಳುವವರು ಅವರೇ. ಫೋಮಿನ ಒಂದು ತುಂಡು ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಗರೇಟು ಹಚ್ಚುವ ಲೈಟರಿನ ಮೇಲೆ ಹಿಡಿದರು. ಅದು ಭುಗ್ಗೆಂದು ಹೊತ್ತಿ, ಉರಿಯುವ ಕಪ್ಪು ಹನಿಗಳನ್ನು ತೊಟ್ಟಿಕ್ಕಿತು.

"ನೋಡಪ್ಪ, ಇದರ ಮೇಲೆ ಹೆಂಡ್ತೀನ ಕೂರಿಸ್ತೀಯಾ?" ಎಂದರು ಹೆಡ್ವಿಕಾ. "ಉರಿದ್ರೆ ಹೀಗೆ. ಉರೀದೆ ಹೋದ್ರೂ ಇದು ಸ್ಪ್ರಿಂಗಿನ ಥರ ಪುಟಿಯುತ್ತೆ. ನೀನು ಬಸ್ಸು ನಿಲ್ಲಿಸಿದ ಹಾಗೆ ವಿಮಾನ ಇಳಿಸ್ತೀಯಾ. ಧಡ್ ಅಂತ ಬಿದ್ದಾಗ ಮೆತ್ತಗೆ ಒಳಗೆ ಹೋಗಿ, ಆಮೇಲೆ ಬೆನ್ನುಮೂಳೆಗೆ ಒದೆಯುತ್ತೆ. ಮೆತ್ತಗಿರೋದೆಲ್ಲ ಒಳ್ಳೇದಲ್ಲ."

ಸೀತೆಗಾದರೂ ಒಂದೇ ಅಗ್ನಿಪರೀಕ್ಷೆ. ವಿಲೆಮನ ಫೋಮುಗಳಿಗೆ ಪ್ರತಿ ಶನಿವಾರ ಒಂದು. ಹಾಸಿಗೆ ಅಂಗಡಿಯದು, ಹಳೇ ಕಾರಿನ ಸೀಟಿನದು, ಪ್ಯಾಕಿಂಗ್ ಡಬ್ಬಿಯೊಳಗಿನದು, ಎಲ್ಲವೂ ಬಾರಿನ ಹಿಂದಿನ ಅಂಗಳದಲ್ಲಿ ಬೂದಿಯಾದವು. ಅಲ್ಲಿ ಸಾಸೇಜು ಸುಡುತ್ತಿದ್ದವರು ವಾಸನೆ ತಾಳಲಾರದೆ ಜಾಗ ಬದಲಿಸಿದರು.

ಕೊನೆಗೆ ಒಂದು ಸಿಕ್ಕಿತು. ಒತ್ತಿದರೆ ಕೈಯ ಗುರುತು ಸ್ವಲ್ಪ ಹೊತ್ತು ಹಾಗೇ ಉಳಿದು ನಿಧಾನ ಮೇಲೇಳುತ್ತದಲ್ಲ, ಅಂಥ ಫೋಮು. ಅಂಗಡಿಯಲ್ಲಿ ರಿಯಾಯಿತಿಗೆ ಇಟ್ಟಿದ್ದ ದಿಂಬುಗಳವು. ಹೆಡ್ವಿಕಾರ ಲೈಟರಿಗೂ ಅದು ಸುಲಭಕ್ಕೆ ಹೊತ್ತಲಿಲ್ಲ, ಪುಟಿಯಲೂ ಇಲ್ಲ. ವಿಲೆಮ್ ಅದನ್ನು ದಪ್ಪಗೆ ಜೋಡಿಸಿ ಅಡುಗೆಮನೆಯ ಬೆಂಚಿನ ಮೇಲಿಟ್ಟು, ಒಲೆಯ ಪಕ್ಕ, ಊಟವಾದ ಮೇಲೆ, ಫುಟ್‌ಬಾಲ್ ಪಂದ್ಯ ಪೂರ್ತಿ ಮುಗಿಯುವವರೆಗೆ ಕೂತ. ನನ್ನನ್ನೂ ಕೂರಿಸಿದ. ಆಹಾ! ಹಿಟ್ಟಿನ ಮುದ್ದೆಯ ಮೇಲೆ ಕೂತಂತೆ ದೇಹ ತನ್ನ ಜಾಗ ತಾನೇ ಮಾಡಿಕೊಂಡಿತು.

"ರಾದಿಮನ ಮೋಡ ಏನು ಮಹಾ! ಇದು ಸ್ವರ್ಗ," ಎಂದ ವಿಲೆಮ್.

ನಮ್ಮ ಸೀಮೆಯಲ್ಲಿ ಯಾವ ತೀರ್ಮಾನವಾದರೂ ಆಗುವುದು ಬೆಚ್ಚಗಿನ ಕೋಣೆಯಲ್ಲಿ, ಹೊಟ್ಟೆ ತುಂಬಿದ ಮೇಲೆ. ಹೆಣ್ಣು ನೋಡುವುದು, ಹೊಲ ಕೊಳ್ಳುವುದು, ಊರಿನ ಅಧ್ಯಕ್ಷನನ್ನು ಆರಿಸುವುದು ಎಲ್ಲ ಒಲೆಯ ಪಕ್ಕವೇ. ಅದಕ್ಕೇ ನಮ್ಮ ಅಧ್ಯಕ್ಷರು ಹೀಗಿದ್ದಾರೆ.

ಏಪ್ರಿಲಿನ ಒಂದು ಬೆಳಿಗ್ಗೆ ಲಿಬುಶೆಯನ್ನು ಕರೆದುಕೊಂಡು ಬಂದ. ಅವಳು ಅಂದು ಈಸ್ಟರ್ ಹಬ್ಬಕ್ಕೆಂದು ಕೂದಲು ಎತ್ತಿ ಕಟ್ಟಿಸಿಕೊಂಡಿದ್ದಳು. ರಾತ್ರಿಯೆಲ್ಲ ಹಿಮ ಬಿದ್ದು ವಿಮಾನ ನಿಲ್ಲಿಸುವ ಹ್ಯಾಂಗರಿನ ತಗಡು ಬೆಳ್ಳಗಾಗಿತ್ತು. ಅವಳು ಬಲಗಡೆ ಹತ್ತಿ ಕೂತಳು. ಕೂತ ಸದ್ದು ನಮಗೆಲ್ಲ ಕೇಳಿಸಿತು.

"ವಿಲಾ, ಫೋಮು ಹಾಕೋದು ಮರ್ತೆಯಾ?"

"ಅದೇ ಫೋಮು ಕಣೇ!"

"ಇದು ಫೋಮಲ್ಲ, ಸಮಾಧಿ ಕಲ್ಲು."

ಆ ಫೋಮಿನ ಗುಣವೇ ಹಾಗೆ. ಸೆಕೆಯಲ್ಲಿ ಹಿಟ್ಟು, ಚಳಿಯಲ್ಲಿ ಹಲಗೆ. ಒಲೆಯ ಪಕ್ಕ ಕೂತು ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು? ಮೇಲೆ ಹೋದ ಮೇಲೆ ಅವಳ ಮೈಕಾವಿಗೆ ಒಂದು ಬದಿ ಮಾತ್ರ ಕರಗಿ, ಅವಳು ವಾಲಿಕೊಂಡೇ ಊರು ಸುತ್ತಿ ಬಂದಳು. ದಪ್ಪ ಜಾಸ್ತಿಯಾಗಿ ತಲೆ ಮೇಲಿನ ಗಾಜಿಗೆ ತಾಗಿ, ಕಟ್ಟಿಸಿದ ಕೂದಲು ಚಪ್ಪಟೆಯಾಗಿತ್ತು. ಇಳಿದವಳು ದೂರದಲ್ಲಿ ತನ್ನ ವಿಮಾನ ಒರೆಸುತ್ತಿದ್ದ ರಾದಿಮನ ಕಡೆ ನೋಡಿದಳು, ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಆಮೇಲಿನ ವಾರಗಳಲ್ಲಿ ವಿಲೆಮ್ ಬಸ್ಸಿನಲ್ಲಿ ಯಾರಿಗೂ ಶುಭ ದಿನ ಹೇಳುವುದನ್ನು ಬಿಟ್ಟ. ಮೇ ತಿಂಗಳ ಒಂದು ಭಾನುವಾರ ನನಗೆ ಫೋನ್ ಮಾಡಿದ.

"ಡಾಕ್ಟ್ರೇ, ಅವನ ಸೀಟೊಳಗೆ ಏನಿದೆ ಅಂತ ನೋಡ್ಬೇಕು. ನೀವು ಬಾಗಿಲಲ್ಲಿ ನಿಂತಿರಿ. ಆಮೇಲೆ ನಮ್ಮನೇಲೇ ಊಟ. ಲಿಬುಶೆ ಗೋಮಾಂಸಕ್ಕೆ ಕೆನೆ ಸಾರು ಮಾಡಿದ್ದಾಳೆ, ಜೊತೆಗೆ ಕ್ನೆಡ್ಲೀಕಿ."

ಕ್ನೆಡ್ಲೀಕಿ ಎಂದರೆ ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ. ಅದರ ಆಸೆಗೆ ನಾನು ಇದಕ್ಕಿಂತ ದೊಡ್ಡ ಅಪರಾಧಗಳಿಗೂ ಬಾಗಿಲು ಕಾಯುತ್ತೇನೆ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮಲ್ಲಿ ಕಳ್ಳನೂ ಮನೆಯಲ್ಲಿ ಊಟಕ್ಕೆ ಕೂತಿರುತ್ತಾನೆ, ಹಾಗಾಗಿ ಹ್ಯಾಂಗರಿನಲ್ಲಿ ಒಂದು ನೊಣವೂ ಇರಲಿಲ್ಲ. ವಿಲೆಮ್ ರಾದಿಮನ ಬಲಗಡೆಯ ಸೀಟಿನ ಜಿಪ್ ಎಳೆದ. ಒಳಗಿದ್ದದ್ದನ್ನು ಹೊರಗೆ ತೆಗೆದು, ರೆಕ್ಕೆಯ ಮೇಲಿಟ್ಟು, ಹಾಗೇ ನಿಂತುಬಿಟ್ಟ.

"ಅಮೆರಿಕದ್ದಾ?" ಎಂದೆ ಬಾಗಿಲಿನಿಂದ.

ಹತ್ತಿರ ಹೋದೆ. ಅಮೆರಿಕವೂ ಇಲ್ಲ, ಏನೂ ಇಲ್ಲ. ಅಡಿಯಲ್ಲಿ ನಾವೆಲ್ಲ ಟೆಂಟಿನೊಳಗೆ ಹಾಸಿಕೊಂಡು ಮಲಗುವ ನೀಲಿ ಫೋಮ್ ಚಾಪೆಯ ತುಂಡು. ಅದರ ಮೇಲೆ ಕುರ್ಚಿ ರಿಪೇರಿಯಲ್ಲಿ ಉಳಿಯುವಂಥ ಬಿಗಿಯಾದ ಫೋಮು. ಎಲ್ಲಕ್ಕೂ ಮೇಲೆ, ಹೆಬ್ಬೆರಳಿನ ದಪ್ಪಕ್ಕೆ, ವಿಲೆಮ್ ತಂದಂಥದೇ ದಿಂಬಿನ ಫೋಮು. ಮೂರನ್ನೂ ಒಂದು ತೆಳು ಬಟ್ಟೆಯಲ್ಲಿ ಸುತ್ತಿ, ಅಂಚಿಗೆ ಕೈಯಲ್ಲಿ ಹಸಿರು ದಾರದಿಂದ ಹೆರಳಿನಂತೆ ಹೆಣೆದ ಹೊಲಿಗೆ ಹಾಕಿತ್ತು.

ವಿಲೆಮ್ ಮೆಲ್ಲಗೆ ಬಗ್ಗಿ, ಶೂ ಬಿಚ್ಚಿ, ತನ್ನ ಕಾಲುಚೀಲದ ಹಿಮ್ಮಡಿ ತೋರಿಸಿದ. ಅಲ್ಲಿ ರಫು ಮಾಡಿದ್ದು ಅದೇ ಹಸಿರು ದಾರ, ಅದೇ ಹೆರಳು.

ಊಟಕ್ಕೆ ತಡವಾಗಿ ಹೋದದ್ದೇ ನಮ್ಮ ಮೊದಲ ತಪ್ಪು. ಕ್ನೆಡ್ಲೀಕಿ ಆರಿತ್ತು. ವಿಲೆಮ್ ಕೋಟು ಬಿಚ್ಚದೆ ನಿಂತುಕೊಂಡೇ ಕೇಳಿದ:

"ರಾದಿಮನ ಸೀಟು ಹೊಲಿದವರು ಯಾರು?"

"ನಾನು," ಎಂದಳು ಲಿಬುಶೆ, ನನ್ನ ತಟ್ಟೆಗೆ ಸಾರು ಹಾಕುತ್ತ. "ಯಾಕೆ, ಬಿಚ್ಚಿ ನೋಡಿದ್ರಾ? ಜಿಪ್ ಸರಿಯಾಗಿ ಹಾಕಿ ಬಂದ್ರಾ ಇಲ್ವಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಾಕಿರಲಿಲ್ಲ.

"ಅಮೆರಿಕದ್ದು ಅಂದ ಅವನು!"

"ಯಾರಿಗೂ ಹೇಳಬೇಡಿ ಅಂದಿದ್ದೆ. ಅವನ ಬಾಯಿಗೆ ಬೇರೆ ದೇಶ ಸಿಗಲಿಲ್ಲ. ಕಾರ್ಖಾನೆ ಸೀಟಲ್ಲಿ ಬೆನ್ನು ನೋವು ಅಂತ ಹೋದ ವರ್ಷ ಅಂಗಡಿಗೆ ಬಂದ, ಎರಡೂ ಸೀಟು ಹೊಲಿದುಕೊಟ್ಟೆ, ಪಕ್ಕದ್ದಕ್ಕೆ ಅಳತೆಗೆ ನಾನೇ ಕೂತೆ. ಚಳಿಗಾಲ ಮುಗಿದ ಮೇಲೆ, ಹೊಲಿದದ್ದು ಸರಿ ಇದೆಯಾ ಅಂತ ಕೂತು ನೋಡೋಕೆ ಸ್ಲೊವಾಕಿಯಾಕ್ಕೆ ಹೋದೆ. ಅವನು ಕೊಟ್ಟ ದುಡ್ಡಲ್ಲೇ ಕ್ರಿಸ್‌ಮಸ್ಸಿಗೆ ನಿನಗೆ ಹೆಡ್‌ಫೋನ್ ಬಂದಿದ್ದು."

ಆ ಹೆಡ್‌ಫೋನನ್ನು ವಿಲೆಮ್ ನಮಗೆಲ್ಲ ಎಷ್ಟು ಸಲ ತೋರಿಸಿ ಹೊಟ್ಟೆ ಉರಿಸಿದ್ದನೋ ಲೆಕ್ಕವಿಲ್ಲ. ನಾನು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದೆ.

"ಊರವನ ಸೊಂಟದ ಮೇಲೆ ಅಷ್ಟು ಮಮತೆ. ಗಂಡನ ವಿಮಾನಕ್ಕೆ ಒಂದು ದಿಂಬು ಮಾಡೋಕೆ ಆಗಲಿಲ್ವಾ ನಿಂಗೆ?"

ಲಿಬುಶೆ ಸೌಟು ಕೆಳಗಿಟ್ಟಳು.

"ಸೂಜಿ ತರಬೇಡ ಅಂದವರು ಯಾರು? ನಿನಗೆ ಒಬ್ಬ ರಾದಿಮನ ಮೇಲೆ ಎರಡು ತಿಂಗಳು ಹೊಟ್ಟೆ ಉರೀತು. ನನಗೆ ಹನ್ನೊಂದು ವರ್ಷ ಉರಿದಿದೆ ಕಣೋ. ಗರಾಜಲ್ಲಿ ನನ್ನ ಸವತಿ ಕೂತಿದ್ಳು. ಅವಳಿಗೆ ಪಾಲಿಶ್ಶು, ಅವಳಿಗೆ ಬಣ್ಣ, ಚಳಿಗಾಲದಲ್ಲಿ ಅವಳಿಗೆ ಹೀಟರು. ಮಲಗೋ ಕೋಣೆಗೆ ಹೀಟರು ಕೇಳಿದ್ರೆ ಇನ್ನೊಂದು ಕಂಬಳಿ ಹೊದ್ಕೋ ಅಂದೆ. ಆ ಕಂಬಳೀನೂ ಕೊನೆಗೆ ಅವಳಿಗೇ ಹಾಸಿದೆ! ಸೀಟು ಬೇಕು ಅಂತ ಬ್ರನೋ ಪೂರ್ತಿ ಅಲೆದೆ, ದನದ ಡಾಕ್ಟ್ರನ್ನ ಕೂರಿಸಿ ನೋಡಿದೆ. ಕೂರೋಳು ನಾನು. ಎಲ್ಲಿ ನೋಯತ್ತೆ ಅಂತ ನನ್ನ ಒಂದು ಮಾತು ಕೇಳಿದೆಯಾ?"

ವಿಲೆಮ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ, ಮತ್ತೆ ಹಾಕಿಕೊಂಡ. ಹನ್ನೊಂದು ವರ್ಷ ಬೇರೆ ಕೈ ಸೋಕದ ವಿಮಾನದೊಳಗೆ ಒಂದು ಸೂಜಿಯನ್ನು ಬಿಡುವುದೋ, ಹೆಂಡತಿಯನ್ನು ಕಿಟಕಿಯವನ ಜೊತೆ ಕಳಿಸುವುದೋ? ಎರಡು ಹೊಟ್ಟೆಕಿಚ್ಚುಗಳು ಎದುರುಬದುರು ನಿಂತು ಕೊಂಬು ತಾಗಿಸಿದ್ದವು. ಅಂಥ ಸಂದರ್ಭದಲ್ಲಿ ಮಧ್ಯೆ ಹೋಗಬಾರದೆಂದು ನನ್ನ ವೃತ್ತಿ ನನಗೆ ಕಲಿಸಿದೆ.

"ಎಲ್ಲಿ ನೋಯತ್ತೆ?" ಎಂದ ಕೊನೆಗೆ, ಗೋಡೆಯ ಕಡೆ ನೋಡಿಕೊಂಡು.

"ತೊಡೆ ಕೆಳಗೆ. ಮುಂದಿನ ಅಂಚು ಕೊರೆಯತ್ತೆ."

"ಸರಿ. ಬಲಗಡೇದು ನೀನೇ ಮಾಡ್ಕೋ." ಆಮೇಲೆ ಪೂರ್ತಿ ಸೋತಂತಾಗುತ್ತದೆಂದು ಹೊಳೆದು, "ಆದರೆ ಎಡಗಡೇದು ನಂದು. ಅದಕ್ಕೆ ಕೈ ಹಾಕಬೇಡ," ಎಂದ.

"ದೇವರಾಣೆಗೂ ಹಾಕಲ್ಲ," ಎಂದಳು ಲಿಬುಶೆ, ಬಹಳ ಬೇಗ.

ಅವಳು ಕೆಲಸ ಮಾಡಿದ ರೀತಿಯೇ ಬೇರೆ. ಒಲೆಯ ಪಕ್ಕ ಕೂರಲಿಲ್ಲ. ಬೆಳಗಿನ ಚಳಿಯಲ್ಲಿ ಹ್ಯಾಂಗರಿಗೆ ಬಂದು, ವಿಮಾನದಲ್ಲೇ, ಬೆಲ್ಟು ಬಿಗಿದುಕೊಂಡು, ಹೆಣಿಗೆ ಹಾಕುತ್ತ ಕೂರುವಳು. ತಲೆಗೂ ಗಾಜಿಗೂ ನಡುವೆ ಒಂದು ಮುಷ್ಟಿ ಜಾಗ ಬಿಟ್ಟು ದಪ್ಪ ನಿಶ್ಚಯಿಸಿದಳು. ಅಡಿಯ ಪದರಕ್ಕೆ ಅವರ ಮಗಳು ಮನೆಯಲ್ಲಿ ಬಿಟ್ಟುಹೋಗಿದ್ದ ಟೆಂಟಿನ ಚಾಪೆ, ನಡುವೆ ಅಂಗಡಿಯಲ್ಲಿ ಉಳಿದ ಬಿಗಿ ಫೋಮು, ಮೇಲೆ ವಿಲೆಮನ ದಿಂಬಿನಿಂದಲೇ ಕೊಯ್ದ ತೆಳು ಹಾಳೆ. ತೆಳುವಾಗಿದ್ದರಿಂದ ಅದು ಕೂತ ಕೂಡಲೆ ಬೆಚ್ಚಗಾಗುತ್ತಿತ್ತು. ತೊಡೆಯ ಕೆಳಗಿನ ಅಂಚನ್ನು ಇಳಿಜಾರಾಗಿ ಕತ್ತರಿಸಿದಳು. ಹೊದಿಕೆಗೆ ವಿಲೆಮನ ಹಳೇ ಡ್ರೈವರ್ ಕೋಟಿನ ಉಣ್ಣೆ. ಹೆಡ್ವಿಕಾ ಮೇಡಂ ಲೈಟರ್ ಹಿಡಿದರು, ಮೂಗು ಹತ್ತಿರ ತಂದು ಮೂಸಿದರು, "ಹೋಗಿ ಬನ್ನಿ," ಎಂದರು.

ಜೂನಿನಲ್ಲಿ ಹೊರಟೆವು. ಲಿಬುಶೆ ಗಂಡನ ಬಲಗಡೆ ಕೂತಳು. ಹತ್ತುವ ಮೊದಲು ವಿಲೆಮ್ ರಾದಿಮನ ಕಡೆ ನೋಡಿದ ಗತ್ತು ನೋಡಬೇಕಿತ್ತು. ರಾದಿಮನ ಪಕ್ಕ ಖಾಲಿಯಿದ್ದ ಮೋಡ ನನ್ನ ಪಾಲಿಗೆ ಬಂತು. ಆದರೆ ಅದು ಲಿಬುಶೆಯ ಅಳತೆಗೆ ಕತ್ತರಿಸಿದ ಮೋಡ. ನನ್ನ ಎರಡು ಬದಿಯೂ ಆಕಾಶದಲ್ಲೇ ಉಳಿದವು.

ದ್ವೀಪದಲ್ಲಿ ಇಳಿದಾಗ ಸುಡು ಮಧ್ಯಾಹ್ನ. ಲಿಬುಶೆ ಹುಡುಗಿಯಂತೆ ರೆಕ್ಕೆಯಿಂದ ಧುಮುಕಿ, ಟವೆಲ್ ಹೆಗಲಿಗೆ ಹಾಕಿ ನೀರಿನ ಕಡೆ ನಡೆದೇಬಿಟ್ಟಳು. ವಿಲೆಮ್ ಇಳಿಯಲಿಲ್ಲ. ಹೋಗಿ ನೋಡಿದೆ. ಎಡಗಡೆ ಅವನು ಹಾಕಿಕೊಂಡದ್ದು, ಹಟಕ್ಕೆ, ಉಳಿದಿದ್ದ ದಪ್ಪ ದಿಂಬುಗಳನ್ನೇ. ಆಲ್ಪ್ಸಿನ ಹಿಮದ ಮೇಲೆ ಕಲ್ಲು, ಸಮುದ್ರದ ಮೇಲೆ ಹಿಟ್ಟು. ಕಲ್ಲಾಗಿದ್ದಾಗ ಸೊಂಟ ಹಿಡಿದಿತ್ತು, ಹಿಟ್ಟಾದಾಗ ಅದರೊಳಗೆ ಹೂತುಹೋಗಿದ್ದ.

"ಕೈ ಕೊಡಿ ಡಾಕ್ಟ್ರೇ. ಅಯ್ಯಯ್ಯೋ, ಕರು ಎಳೆಯೋ ಹಾಗೆ ಎಳೀಬೇಡ್ರೀ!"

"ನಂಗೆ ಬರೋದು ಅದೊಂದೇ ವಿದ್ಯೆ," ಎಂದು ಎಳೆದು ಹಾಕಿದೆ.

ಫೋಟೋದಲ್ಲಿ ಲಿಬುಶೆ ಅವನ ವಿಮಾನದ ಪಕ್ಕ ನಿಂತಿದ್ದಾಳೆ, ಈಗಲೂ ಬಾರಿನ ಗೋಡೆಯಲ್ಲಿ ನೋಡಬಹುದು. ವಿಲೆಮ್ ಮಾತ್ರ ಕ್ಯಾಮೆರಾ ನೋಡುತ್ತಿಲ್ಲ. ಕತ್ತು ತಿರುಗಿಸಿ ಬಲಗಡೆಯ ಸೀಟನ್ನೇ ನೋಡುತ್ತಿದ್ದಾನೆ. ರಾದಿಮನ ಸೀಟನ್ನು ಅವನು ಎಂದೂ ಅಷ್ಟು ಆಸೆಯಿಂದ ನೋಡಿರಲಿಲ್ಲ.

ಸಂಜೆ ಕಡಲ ದಡದ ಹೋಟೆಲಿನಲ್ಲಿ ಎಲ್ಲರೂ ಸುಟ್ಟ ಮೀನು ತಿನ್ನುತ್ತಿದ್ದಾಗ, ಯಾವುದೋ ಬೇರೆ ವಿಷಯವೆಂಬಂತೆ ಕೇಳಿದ: "ಲಿಬುಷ್ಕಾ, ಆ ಟೆಂಟಿನ ಚಾಪೆ ಇನ್ನೂ ಸ್ವಲ್ಪ ಉಳಿದಿರಬೇಕಲ್ಲಾ?"

"ಉಳಿದಿತ್ತು. ಡಾಕ್ಟ್ರ ಜೀಪಿಗೆ ಸೀಟು ಹೊಲಿದುಕೊಟ್ಟೆ. ಪಾಪ, ಹಳ್ಳಿ ಹಳ್ಳಿ ಸುತ್ತುತ್ತಾರೆ."

ವಿಲೆಮ್ ನನ್ನನ್ನು ನೋಡಿದ. ಆ ನೋಟ ನನಗೆ ಹೊಸದಲ್ಲ, ಆದರೆ ಇಷ್ಟು ವರ್ಷ ಅದು ನನ್ನನ್ನು ದಾಟಿ ಬೇರೆಯವರ ಮೇಲೆ ಹೋಗುತ್ತಿತ್ತು. ಅವನು ಎದ್ದು, ತನ್ನ ಕುರ್ಚಿಯನ್ನು ಎತ್ತಿ, ನನಗೂ ಲಿಬುಶೆಗೂ ನಡುವೆ ತಂದು ಹಾಕಿದ. ಕೂರುವುದು ಮಾತ್ರ ಅವನಿಂದಾಗಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, ನಮ್ಮಿಬ್ಬರ ನಡುವೆ ನಿಂತೇ ಮೀನು ತಿಂದ.